ನಾಲೆ ಏರಿಯ ಮೇಲೆ ಎರಡು ದಿನ: ಬೆಂಗಳೂರಿನ ಸೈಕಲ್ ಸವಾರನೊಬ್ಬನ ಅನುಭವ

ಬೆಂಗಳೂರಿನಿಂದ ಮಂಡ್ಯದ ಕಡೆಗೆ ಸೈಕಲ್ ತುಳಿಯುವವರಿಗೆ ಮೈಸೂರು ರಸ್ತೆ ಎಂದೂ ಹಿತವಾಗಿರಲಿಲ್ಲ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ ಬೈಕು, ಆಟೊ, ಟ್ರ್ಯಾಕ್ಟರುಗಳ ಜೊತೆಗೆ ಸೈಕಲ್ಲಿಗೂ ನಿಷೇಧ ಬಂದ ಮೇಲೆ ನಮಗೆ ಉಳಿದದ್ದು ಸರ್ವಿಸ್ ರಸ್ತೆ ಮಾತ್ರ. ಎದುರಿನಿಂದ ಬರುವ ಲಾರಿ, ಪಕ್ಕದಿಂದ ನುಗ್ಗುವ ಬಸ್ಸು, ಮಧ್ಯೆ ಮಧ್ಯೆ ಕಡಿದುಹೋಗುವ ದಾರಿ, ಇವುಗಳೊಂದಿಗೆ ಒಮ್ಮೆ ಮದ್ದೂರಿನವರೆಗೆ ಹೋಗಿ ಬಂದ ನಾನು, ವಾಹನಗಳಿಲ್ಲದ ದಾರಿ ಬೇಕೆಂದರೆ ರಸ್ತೆಯ ನಕ್ಷೆಯನ್ನಲ್ಲ, ನೀರಿನ ನಕ್ಷೆಯನ್ನು ನೋಡಬೇಕು ಎಂಬ ತೀರ್ಮಾನಕ್ಕೆ ಬಂದೆ. ಕೃಷ್ಣರಾಜ ಸಾಗರದ ಎಡದಂಡೆಯಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆಯನ್ನು ಆರಿಸಿಕೊಂಡದ್ದು ಹೀಗೆ.

ನಾಲೆ ಏರಿಯ ದೊಡ್ಡ ಅನುಕೂಲವೆಂದರೆ ಅದರ ಮಟ್ಟಸ. ನೀರು ಹರಿಯಬೇಕು, ಆದರೆ ಮಣ್ಣು ಕೊರೆಯಬಾರದು. ಆದ್ದರಿಂದ ದೊಡ್ಡ ನಾಲೆಗಳನ್ನು ಕಿಲೋಮೀಟರಿಗೆ ಕೆಲವೇ ಅಂಗುಲ ಇಳಿಯುವಂತೆ, ಗುಡ್ಡದ ಮೈಯನ್ನು ಬಳಸಿಕೊಂಡು ತೆಗೆಯುತ್ತಾರೆ. ಹೀಗಾಗಿ ನಲವತ್ತು ಕಿಲೋಮೀಟರ್ ತುಳಿದರೂ ಗೇರ್ ಬದಲಿಸುವ ಅಗತ್ಯ ಅಪರೂಪ. ಯುರೋಪಿನ ಕಾಲುವೆ ದಾರಿಗಳನ್ನು ಹೊಗಳುವ ಗೆಳೆಯರಿಗೆ ನಾನು ಒಂದು ವ್ಯತ್ಯಾಸವನ್ನು ನೆನಪಿಸುತ್ತೇನೆ. ಅಲ್ಲಿನ ದಾರಿಗಳು ದೋಣಿಯನ್ನು ಎಳೆಯುವ ಕುದುರೆಗಳಿಗಾಗಿ ಮಾಡಿದವು. ಫ್ರಾನ್ಸಿನಲ್ಲಿ 1681ರಲ್ಲಿ ಮುಗಿದ ಮಿದಿ ಕಾಲುವೆಯ ದಡದಲ್ಲಿ ಇಂದು ಸೈಕಲ್ಲು ಓಡುವುದು ಅಂಥ ದಾರಿಯ ಮೇಲೆಯೇ. ನಮ್ಮ ಏರಿ ನೀರಾವರಿಯವರು ನಾಲೆಯನ್ನು ನೋಡಿಕೊಳ್ಳಲು, ರೈತರು ಗದ್ದೆಗೆ ಹೋಗಲು ಇರುವ ದಾರಿ. ಅದು ಎಲ್ಲಿ ಬೇಕಾದರೂ ಮುಗಿಯಬಹುದು, ಸರಪಳಿ ಅಡ್ಡ ಬರಬಹುದು, ಈ ದಡದಿಂದ ಆ ದಡಕ್ಕೆ ಹಾರಬಹುದು. ನಾವು ಅಲ್ಲಿ ಅತಿಥಿಗಳು. ಇಷ್ಟನ್ನು ಒಪ್ಪಿಕೊಂಡ ಮೇಲೆ ನನ್ನ ಅರ್ಧ ಸಿಡುಕು ಇಳಿಯಿತು.

ಸೈಕಲ್ಲನ್ನು ರೈಲಿನಲ್ಲಿ ಸಾಗಿಸಿದೆ. ಪಾರ್ಸೆಲ್ ಕಚೇರಿಗೆ ರೈಲು ಹೊರಡುವುದಕ್ಕೆ ಎರಡು ಗಂಟೆ ಮುಂಚೆಯೇ ಹೋಗಿ, ಟಿಕೆಟ್ ತೋರಿಸಿ, ಲಗೇಜು ಎಂದು ಬುಕ್ ಮಾಡಿಸಿ, ಹೆಸರು ಮತ್ತು ತಲುಪುವ ಊರನ್ನು ಬರೆದ ರಟ್ಟನ್ನು ಹ್ಯಾಂಡಲ್ಲಿಗೂ ಸೀಟಿಗೂ ಕಟ್ಟಿ, ಗೇರ್ ಇರುವ ಬದಿಗೆ ಹಳೆಯ ಗೋಣಿಚೀಲ ಸುತ್ತಿಕೊಟ್ಟೆ. ಮೊದಲ ಸಲ ನಡುವಿನ ನಿಲ್ದಾಣಕ್ಕೆ ಬುಕ್ ಮಾಡಿಸಿದ್ದೆ. ರೈಲು ನಿಲ್ಲುವ ಎರಡು ನಿಮಿಷದಲ್ಲಿ ನಾನು ನನ್ನ ಬೋಗಿಯಿಂದ ಲಗೇಜು ಡಬ್ಬಿಯವರೆಗೆ ಓಡುವಷ್ಟರಲ್ಲೇ ರೈಲು ಚಲಿಸಿತ್ತು, ಸೈಕಲ್ಲು ನನಗಿಂತ ಮುಂಚೆ ಮೈಸೂರು ಸೇರಿತ್ತು. ತಪ್ಪು ನನ್ನದೇ. ಅಂದಿನಿಂದ ಮೈಸೂರಿನಲ್ಲೇ ಕೊನೆಗೊಳ್ಳುವ ರೈಲನ್ನು ಹಿಡಿಯುತ್ತೇನೆ, ಮರಳುವಾಗಲೂ ಮೈಸೂರಿನಿಂದಲೇ ಹೊರಡುವ ರೈಲನ್ನು ಹತ್ತುತ್ತೇನೆ. ಹದಿನೈದಿಪ್ಪತ್ತು ಕಿಲೋಮೀಟರ್ ಹೆಚ್ಚು ತುಳಿಯಬೇಕಾದರೂ ಚಿಂತೆಯಿಲ್ಲ.

ಮೈಸೂರಿನಿಂದ ಮೇಟಗಳ್ಳಿ ದಾಟಿ ಬೆಳಗೊಳದ ಕಡೆಯಿಂದ ಕೆಆರ್‌ಎಸ್ ತಲುಪುವವರೆಗೆ ವಾಹನಗಳ ಕಾಟ ಇದ್ದದ್ದೇ. ಬೆಳಿಗ್ಗೆ ಆರೂವರೆಗೆ ಹೊರಟರೆ ಸಹಿಸಬಹುದು. ಅಣೆಕಟ್ಟೆಯ ಕೆಳಗೆ ನದಿಯನ್ನು ದಾಟಿ ಎಡದಂಡೆಗೆ ಬಂದು, ಊರಿನ ಗದ್ದಲ ಕಳೆದು, ಏರಿಯ ಮೇಲೆ ಚಕ್ರವಿಟ್ಟ ಕೂಡಲೇ ಕಿವಿಗೆ ಬೇರೆಯೇ ಲೋಕ. ಒಂದು ಬದಿಗೆ ತುಂಬಿದ ನೀರು, ಇನ್ನೊಂದು ಬದಿಗೆ ಹತ್ತಾರು ಅಡಿ ಕೆಳಗೆ ಭತ್ತದ ಗದ್ದೆ, ಕಬ್ಬು, ತೆಂಗು. ಏರಿ ಎತ್ತರದಲ್ಲಿರುವುದರಿಂದ ಇಡೀ ಬಯಲು ಕಾಣುತ್ತದೆ; ಆಲೆಮನೆಯ ಹೊಗೆಯನ್ನು ಗುರುತು ಮಾಡಿಕೊಂಡು ನಾನು ಎರಡು ಸಲ ದಾರಿ ಬಿಟ್ಟು ಇಳಿದಿದ್ದೇನೆ. ಕೊಪ್ಪರಿಗೆಯಿಂದ ಆಗತಾನೆ ಇಳಿದ ಬಿಸಿ ಬೆಲ್ಲವನ್ನು ಮುತ್ತುಗದ ಎಲೆಯ ಮೇಲೆ ಹಾಕಿಕೊಟ್ಟ ಯಜಮಾನರು ಸೈಕಲ್ಲನ್ನೂ ನನ್ನ ಹೆಲ್ಮೆಟ್ಟನ್ನೂ ನೋಡಿ, "ಏನ್ ಸ್ವಾಮಿ, ಬಸ್ಸಿಗೆ ಕಾಸಿರ್ಲಿಲ್ವಾ?" ಎಂದು ಕೇಳಿದರು. "ಕಾಸಿದೆ ಯಜಮಾನ್ರೇ, ಬಸ್ಸು ಏರಿ ಮೇಲೆ ಬರಲ್ವಲ್ಲ" ಎಂದೆ. ಅವರಿಗೆ ಆ ಉತ್ತರ ಒಪ್ಪಿಗೆಯಾದಂತೆ ಕಾಣಲಿಲ್ಲ.

ಕನ್ನಂಬಾಡಿ ಕಟ್ಟೆಯ, ಅಂದರೆ ಕೆಆರ್‌ಎಸ್ ಅಣೆಕಟ್ಟೆಯ, ಕೆಲಸ ಶುರುವಾದದ್ದು 1911ರಲ್ಲಿ. ಮಂಡ್ಯದ ಒಣ ಬಯಲಿಗೆ ನೀರು ತಂದ ಈ ನಾಲೆ ಮಾತ್ರ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟು ಹಲವು ವರ್ಷಗಳಾದ ಮೇಲೆ, ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಆಯಿತು. ಆಗ ವೈಸ್‌ರಾಯ್ ಇರ್ವಿನ್ ಹೆಸರಿನಲ್ಲಿದ್ದ ನಾಲೆಗೆ ಮುಂದೆ ವಿಶ್ವೇಶ್ವರಯ್ಯನವರ ಹೆಸರು ಬಂತು. ನೀರಿನ ಹಿಂದೆಯೇ ಕಬ್ಬು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ, 1939ರಲ್ಲಿ ಪ್ರತ್ಯೇಕ ಮಂಡ್ಯ ಜಿಲ್ಲೆ. ಈ ಇತಿಹಾಸ ಸೈಕಲ್ ಸವಾರನಿಗೆ ಕಾಲಿನಲ್ಲಿಯೇ ತಿಳಿಯುವ ಜಾಗ ಹುಲಿಕೆರೆ. ಅಲ್ಲಿ ದಿಣ್ಣೆ ಅಡ್ಡ ಬಂದದ್ದರಿಂದ ನಾಲೆಯನ್ನು ಎರಡೂವರೆ ಕಿಲೋಮೀಟರಿಗೂ ಹೆಚ್ಚು ಉದ್ದದ ಸುರಂಗದಲ್ಲಿ ಒಯ್ದಿದ್ದಾರೆ. ನೀರು ಕತ್ತಲೆಯೊಳಗೆ ಸರಾಗವಾಗಿ ನುಗ್ಗಿ ಹೋಗುತ್ತದೆ. ಏರಿ ಅಲ್ಲಿಗೆ ಮುಗಿಯುತ್ತದೆ. ನಾವು ಊರದಾರಿ ಹಿಡಿದು ದಿಣ್ಣೆ ಹತ್ತಿ ಆಚೆ ಇಳಿದು ನಾಲೆಯನ್ನು ಮತ್ತೆ ಹುಡುಕಬೇಕು. ಬೆಳಗಿನಿಂದ ಮಟ್ಟಸಕ್ಕೆ ಒಗ್ಗಿಹೋಗಿದ್ದ ಕಾಲಿಗೆ ಆ ಪುಟ್ಟ ಏರು ನಂದಿಬೆಟ್ಟದಂತೆ ಕಂಡಿತು.

ಹುಲಿಕೆರೆಯಿಂದ ಮುಂದೆ ನಾಲೆ ಕವಲೊಡೆಯುತ್ತದೆ: ಮದ್ದೂರು ಶಾಖೆ, ಹೆಬ್ಬಕವಾಡಿ ಶಾಖೆ ಮುಂತಾಗಿ. ಉಪಗ್ರಹ ಚಿತ್ರದಲ್ಲಿ ಎಲ್ಲ ಏರಿಗಳೂ ಬಿಳಿ ಗೆರೆಗಳಂತೆ ಒಂದೇ ರೀತಿ ಕಾಣುತ್ತವೆ. ಯಾವ ದಡದಲ್ಲಿ ದಾರಿ ಇದೆ, ಸೇತುವೆ ಎಲ್ಲಿದೆ ಎಂಬುದನ್ನಷ್ಟೇ ಅದರಿಂದ ತಿಳಿಯಬಹುದು. ಹೋದ ತಿಂಗಳು ಹೂಳೆತ್ತಿ ದಾರಿಯ ಮೇಲೆಯೇ ಸುರಿದಿರುವುದು, ಬಳ್ಳಾರಿ ಜಾಲಿ ಎರಡೂ ಕಡೆಯಿಂದ ಬೆಳೆದು ಸೈಕಲ್ಲಿನ ಹ್ಯಾಂಡಲ್ಲಿಗೂ ಜಾಗ ಉಳಿಸದಿರುವುದು ತಿಳಿಯುವುದಿಲ್ಲ. ಅದನ್ನು ಹೇಳಬಲ್ಲವನು ನಾಲೆಯ ನೀರನ್ನು ಗದ್ದೆಗಳಿಗೆ ಹಂಚುವ, ಸೌಡಿ ಎಂದೂ ಕರೆಯುವ ನೀರಗಂಟಿ. ತೂಬಿನ ಬಳಿ ಅವನು ಸಿಕ್ಕರೆ ಹತ್ತು ನಿಮಿಷ ನಿಂತು ಮಾತಾಡುವುದು ಒಂದು ಗಂಟೆಯ ಅಲೆದಾಟವನ್ನು ತಪ್ಪಿಸುತ್ತದೆ. ಸರದಿಯಂತೆ ನೀರು ಬಿಟ್ಟು ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ ಯಾವ ದಿನ ನೀರು ನಿಲ್ಲುತ್ತದೆ, ಯಾವ ದಿನ ಬಿಡುತ್ತಾರೆ ಎಂಬುದೂ ಅವನಿಗೇ ಗೊತ್ತು. ಬೇಸಿಗೆಯಲ್ಲಿ ನಾಲೆ ಒಣಗಿದಾಗ ಏರಿ ಬರೀ ಧೂಳು. ಆಗಸ್ಟ್, ಸೆಪ್ಟೆಂಬರಿನಲ್ಲಿ ಹಸಿರು ಚೆಲುವು, ಆದರೆ ಒಂದು ಮಳೆ ಬಿದ್ದರೆ ಕೆಂಪು ಮಣ್ಣು ಮಡ್‌ಗಾರ್ಡಿನೊಳಗೆ ತುಂಬಿ ಚಕ್ರವೇ ತಿರುಗದು. ನನ್ನ ಆಯ್ಕೆ ನವೆಂಬರ್ ಕೊನೆಯಿಂದ ಜನವರಿ. ಆಗ ಒಂದೇ ತೊಡಕು: ಊರದಾರಿಯ ಟಾರಿನ ಮೇಲೆ ರಾಗಿ, ಹುರುಳಿ ಒಕ್ಕಣೆಗೆ ಹರಡಿರುತ್ತಾರೆ. ಹುರುಳಿ ಬಳ್ಳಿ ಹಿಂದಿನ ಗೇರಿಗೆ ಸುತ್ತಿಕೊಂಡರೆ ಬಿಡಿಸಲು ಚಾಕು ಬೇಕಾಗುತ್ತದೆ. ಇಳಿದು ತಳ್ಳಿಕೊಂಡು ಹೋಗುವುದೇ ಮೇಲು.

ಜಾಲಿ ಮುಳ್ಳಿಗೆ ಮೊದಲ ದಿನವೇ ಮೂರು ಪಂಕ್ಚರ್ ಆದವು. ಸಣ್ಣ ಟೈರು ತೆಗೆದು 38 ಮಿಲಿಮೀಟರ್ ಅಗಲದ್ದನ್ನು ಹಾಕಿಸಿ, ಒಳಗೆ ಲೈನರ್ ಪಟ್ಟಿ ಕೂರಿಸಿದ ಮೇಲೆ ಮುಂದಿನ ಪ್ರವಾಸದಲ್ಲಿ ಒಂದಕ್ಕೆ ಇಳಿಯಿತು. ಊರಿನ ಸೈಕಲ್ ಶಾಪಿನ ಪಂಪು ನಮ್ಮ ಸಣ್ಣ ಪ್ರೆಸ್ಟಾ ವಾಲ್ವಿಗೆ ಹಿಡಿಯುವುದಿಲ್ಲವಾದ್ದರಿಂದ ಹಿತ್ತಾಳೆಯ ಪುಟ್ಟ ಅಡಾಪ್ಟರನ್ನು ಕಳೆದುಹೋಗದಂತೆ ವಾಲ್ವಿನ ಮೇಲೆಯೇ ತಿರುಗಿಸಿಟ್ಟಿರುತ್ತೇನೆ.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳಬೇಕು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ಇದೇ ನಾಲೆಗೆ ಉರುಳಿ 30 ಮಂದಿ ತೀರಿಕೊಂಡರು. ಕಾಂಕ್ರೀಟು ಹಾಕಿದ ಇಳಿಜಾರಿನಲ್ಲಿ ಪಾಚಿ ಕಟ್ಟಿರುತ್ತದೆ; ಬಿದ್ದರೆ ಈಜು ಬಲ್ಲವನಿಗೂ ಹಿಡಿದು ಮೇಲೆ ಬರಲು ಆಸರೆ ಸಿಗುವುದಿಲ್ಲ. ನಾನು ಕೈ ತೊಳೆಯಲು ಮೆಟ್ಟಿಲಿರುವ ಕಡೆ ಹೊರತು ನೀರಿಗೆ ಇಳಿಯುವುದಿಲ್ಲ, ಕತ್ತಲಾದ ಮೇಲೆ ಏರಿಯ ಮೇಲೆ ಇರುವುದಿಲ್ಲ, ಎದುರಿಗೆ ಟ್ರ್ಯಾಕ್ಟರ್ ಬಂದರೆ ಗದ್ದೆಯ ಬದಿಗೆ ಸರಿದು ನಿಲ್ಲುತ್ತೇನೆ, ನೀರಿನ ಬದಿಗೆ ಎಂದೂ ಇಲ್ಲ.

ರಾತ್ರಿ ಮಂಡ್ಯದಲ್ಲಿ ಉಳಿದು, ಮರುದಿನ ಊರದಾರಿಗಳಲ್ಲಿ ಶ್ರೀರಂಗಪಟ್ಟಣಕ್ಕೆ ಬಂದೆ. ಅಲ್ಲಿನ ನಾಲೆಗಳ ವಯಸ್ಸೇ ಬೇರೆ. ಚಿಕ್ಕದೇವರಾಜ ಸಾಗರ ನಾಲೆಯ ಹೆಸರು 17ನೇ ಶತಮಾನದ ಅರಸನದು. ಅವುಗಳ ದಡ ಕಿರಿದು, ಕೆಲವೆಡೆ ಮರದ ಬೇರುಗಳೇ ದಾರಿ. ಗಂಟೆಗೆ ಎಂಟು ಕಿಲೋಮೀಟರಿಗಿಂತ ವೇಗ ಸಾಧ್ಯವಾಗಲಿಲ್ಲ, ಬೇಕೆಂದೂ ಅನ್ನಿಸಲಿಲ್ಲ. ಒಬ್ಬ ಅಜ್ಜಿ ದಾರಿಗೆ ಅಡ್ಡಲಾಗಿ ಹರಡಿದ್ದ ಬಟ್ಟೆಗಳನ್ನು ಒಂದೊಂದಾಗಿ ಎತ್ತಿ ನನಗೆ ದಾರಿ ಮಾಡಿಕೊಟ್ಟು, "ಮುಂದಕ್ಕೆ ದಾರಿ ಕುಸ್ದೈತೆ ಕಣಪ್ಪ, ತಳ್ಕಂಡೋಗು" ಎಂದರು. ಇನ್ನೂರು ಗಜ ಮುಂದೆ ನಿಜಕ್ಕೂ ಏರಿ ಕುಸಿದಿತ್ತು. ಸೈಕಲ್ಲನ್ನು ಹೆಗಲಿಗೇರಿಸಿ ಗದ್ದೆಯ ಬದುವಿನ ಮೇಲೆ ನಡೆದು, ಮತ್ತೆ ಏರಿ ಹತ್ತಿ, ಮಧ್ಯಾಹ್ನ ಮೂರರ ಹೊತ್ತಿಗೆ ಮೈಸೂರಿನ ಪಾರ್ಸೆಲ್ ಕಚೇರಿಯ ಮುಂದೆ ಗೋಣಿಚೀಲ ಬಿಚ್ಚುತ್ತಿದ್ದೆ.