ಟೇಬಲ್ ಮುಟ್ಟುವ ಮೊದಲು ಚಿತ್ರ ಬರೆಯಿರಿ

ಸಂಜೆ ಹೊತ್ತು ಉಡುಪಿಯಲ್ಲಿ ಡಿಗ್ರಿ ಮಕ್ಕಳಿಗೆ ಸ್ಟ್ಯಾಟಿಸ್ಟಿಕ್ಸ್ ಹೇಳಿಕೊಡುತ್ತೇನೆ. ಹೆಚ್ಚಿನವರಿಗೆ ಸೂತ್ರ ಬಾಯಿಪಾಠ ಇರುತ್ತದೆ, ಲೆಕ್ಕವೂ ಸರಿ ಬರುತ್ತದೆ. ಸಾಧ್ಯತೆ ತಿಳಿಯಲು ಬಳಸುವ ಝಡ್, ಟಿ ಅಂಕಿ ಟೇಬಲ್ ನೋಡುವಾಗ ಮಾತ್ರ ತಪ್ಪುತ್ತಾರೆ. ಕಷ್ಟದ ಕೆಲಸವನ್ನೆಲ್ಲ ಮುಗಿಸಿ ಕೊನೆಯ ಸಾಲಿನಲ್ಲಿ ಮಾರ್ಕು ಕಳೆದುಕೊಳ್ಳುವುದನ್ನು ನೋಡಿದರೆ ಸಂಕಟವಾಗುತ್ತದೆ.

ಒಂದು ಲೆಕ್ಕ ಹಿಡಿಯೋಣ. ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸಿಗೆ ಸರಾಸರಿ 75 ನಿಮಿಷ ಬೇಕು, ಸ್ಟ್ಯಾಂಡರ್ಡ್ ಡೀವಿಯೇಶನ್, ಅಂದರೆ ಸರಾಸರಿಯಿಂದ ಆಚೀಚೆ ಹರಡುವ ಅಳತೆ, 8 ನಿಮಿಷ ಎಂದಿಟ್ಟುಕೊಳ್ಳಿ. ಸಮಯ ನಾರ್ಮಲ್ ಕರ್ವ್ ಪ್ರಕಾರ ಇದೆ ಎಂದೂ ಇಟ್ಟುಕೊಳ್ಳಿ. 85 ನಿಮಿಷಕ್ಕಿಂತ ಜಾಸ್ತಿ ಆಗುವ ಸಾಧ್ಯತೆ ಎಷ್ಟು?

ಮೊದಲು ಪೆನ್ಸಿಲ್ ತೆಗೆದು ಗಂಟೆಯಾಕಾರದ ಗೆರೆ ಎಳೆಯಿರಿ. ನಡುವೆ 75, ಬಲಕ್ಕೆ 85. ನಮಗೆ ಬೇಕಾದದ್ದು 85ರ ಬಲಗಡೆ ಉಳಿಯುವ ಸಣ್ಣ ಬಾಲ, ಅದರ ವಿಸ್ತೀರ್ಣವೇ ಸಾಧ್ಯತೆ. ಅದನ್ನು ಪೆನ್ಸಿಲ್‌ನಿಂದ ತುಂಬಿ. ಆಮೇಲೆ ಸೂತ್ರ: 85ರಿಂದ 75 ಕಳೆದು 8ರಿಂದ ಭಾಗಿಸಿದರೆ ಝಡ್ ಬೆಲೆ 1.25, ಅಂದರೆ 85 ಸರಾಸರಿಯಿಂದ ಅಷ್ಟು ಸ್ಟ್ಯಾಂಡರ್ಡ್ ಡೀವಿಯೇಶನ್ ದೂರ.

ಈಗ ಝಡ್ ಟೇಬಲ್ ತೆರೆಯಿರಿ. ಎಡಗಡೆಯ ಕಾಲಂನಲ್ಲಿ 1.2, ಮೇಲಿನ ಸಾಲಿನಲ್ಲಿ 0.05. ಸಾಲಿನ ಕೆಳಗೆ ಸ್ಕೇಲ್ ಇಟ್ಟುಕೊಳ್ಳಿ, ಕಣ್ಣು ಜಾರುವುದಿಲ್ಲ. ಎರಡೂ ಸೇರುವ ಮನೆಯಲ್ಲಿ ಒಂದು ಪುಸ್ತಕದಲ್ಲಿ 0.8944 ಇರುತ್ತದೆ, ಇನ್ನೊಂದರಲ್ಲಿ 0.3944. ಮಕ್ಕಳು ಗಾಬರಿಯಾಗುವುದು ಇಲ್ಲೇ. ಆದರೆ ಎರಡೂ ಸರಿ. ಮೊದಲನೆಯದು ಎಡತುದಿಯಿಂದ ಅಳೆದದ್ದು, ಎರಡನೆಯದು ನಡುವಿನಿಂದ ಅಳೆದದ್ದು. ಟೇಬಲ್‌ನ ತಲೆಯ ಮೇಲಿರುವ ಪುಟ್ಟ ಚಿತ್ರ ಅದನ್ನೇ ಹೇಳುತ್ತದೆ. ಅದರಲ್ಲಿ ಕಪ್ಪು ಮಾಡಿದ ಭಾಗ ಯಾವುದು ಎಂದು ನೋಡಿ, ನಿಮ್ಮ ಚಿತ್ರದ ಜೊತೆ ಹೋಲಿಸಿ. ಮೊದಲನೆಯದಾದರೆ 1ರಿಂದ ಕಳೆಯಿರಿ, ಎರಡನೆಯದಾದರೆ 0.5ರಿಂದ. ಎರಡು ದಾರಿಯಲ್ಲೂ ಉತ್ತರ 0.1056. ನೂರು ಸಲ ಹೋದರೆ ಹತ್ತು ಹನ್ನೊಂದು ಸಲ ತಡ. ಬಾಲ ಸಣ್ಣದು, ಉತ್ತರವೂ ಸಣ್ಣದು. ಸುಮ್ನೆ 0.8944 ಬರೆದಿದ್ದರೆ ಚಿತ್ರವೇ ತಪ್ಪು ಹಿಡಿಯುತ್ತಿತ್ತು, ಅಲ್ವಾ?

ಸ್ಯಾಂಪಲ್ ಸಣ್ಣದಿದ್ದು, ಸ್ಟ್ಯಾಂಡರ್ಡ್ ಡೀವಿಯೇಶನ್ ಅನ್ನೂ ಅದರಿಂದಲೇ ತೆಗೆದಿದ್ದರೆ ಟಿ ಟೇಬಲ್ ಬೇಕು. ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಂಪನಿಯಲ್ಲಿದ್ದ ವಿಲಿಯಂ ಗೋಸೆಟ್ 1908ರಲ್ಲಿ 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ ಇದನ್ನು ಪ್ರಕಟಿಸಿದರು. ಕೈಯಲ್ಲಿ ನಾಲ್ಕಾರು ಅಳತೆ ಮಾತ್ರ ಇದ್ದಾಗ ಏನು ಮಾಡುವುದು ಎಂಬುದೇ ಅವರ ಪ್ರಶ್ನೆಯಾಗಿತ್ತು.

ಮಲ್ಪೆಯಿಂದ ತಂದ 10 ಬಂಗುಡೆ ತೂಗಿದಿರಿ ಎನ್ನಿ. ಸರಾಸರಿ 118 ಗ್ರಾಂ, ಸ್ಟ್ಯಾಂಡರ್ಡ್ ಡೀವಿಯೇಶನ್ 12 ಗ್ರಾಂ. ಟೇಬಲ್‌ನಲ್ಲಿ ನೋಡಬೇಕಾದದ್ದು 10ರ ಸಾಲಲ್ಲ, 9ರದ್ದು. ಸರಾಸರಿಯೂ ಒಂಬತ್ತು ಮೀನಿನ ತೂಕವೂ ಗೊತ್ತಿದ್ದರೆ ಹತ್ತನೆಯದನ್ನು ತಕ್ಕಡಿಗೆ ಹಾಕುವುದೇ ಬೇಡ, ಲೆಕ್ಕವೇ ಹೇಳಿಬಿಡುತ್ತದೆ. ಸ್ವತಂತ್ರವಾಗಿ ಉಳಿಯುವುದು ಒಂಬತ್ತೇ. ಡಿಗ್ರೀಸ್ ಆಫ್ ಫ್ರೀಡಂ ಅಂದರೆ ಇದೇ.

ನಿಜವಾದ ಸರಾಸರಿ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂಬ 95 ಶೇಕಡಾ ಭರವಸೆಯ ಮಿತಿ ಬೇಕಾದರೆ ಎರಡೂ ಬದಿಯ ಬಾಲ ಸೇರಿ 0.05, ಒಂದೊಂದರಲ್ಲಿ 0.025. ಆ ಕಾಲಂನಲ್ಲಿ 9ರ ಸಾಲಿಗೆ 2.262 ಸಿಗುತ್ತದೆ. ಒಂದೇ ಬಾಲದ 0.05 ಕಾಲಂ ನೋಡಿದರೆ 1.833 ಸಿಗುತ್ತದೆ, ಅದು ತಪ್ಪು. ಇನ್ನು 12ನ್ನು 10ರ ವರ್ಗಮೂಲದಿಂದ ಭಾಗಿಸಿ 2.262ರಿಂದ ಗುಣಿಸಿ, ಸುಮಾರು 8.6 ಬರುತ್ತದೆ. ಮಿತಿ 109.4ರಿಂದ 126.6 ಗ್ರಾಂ. ಇದು ಸರಾಸರಿ ತೂಕದ ಮಿತಿ. ಒಂದೊಂದು ಮೀನೂ ಇದರೊಳಗೇ ಇರುತ್ತದೆ ಎಂದು ಬರೆಯಬೇಡಿ.

ಟೇಬಲ್ ಅನ್ನು ಉಲ್ಟಾ ಓದುವುದೂ ಗೊತ್ತಿರಬೇಕು. ನೂರರಲ್ಲಿ 95 ಸಲ ಸಮಯಕ್ಕೆ ಮಂಗಳೂರು ಮುಟ್ಟಲು ಎಷ್ಟು ನಿಮಿಷ ಇಟ್ಟುಕೊಳ್ಳಬೇಕು? ಈ ಸಲ ಎಡತುದಿಯಿಂದ ಅಳೆದ ಝಡ್ ಟೇಬಲ್‌ನ ಹೊಟ್ಟೆಯೊಳಗೆ 0.95 ಹುಡುಕಿ. 1.64ಕ್ಕೆ 0.9495 ಇದೆ, 1.65ಕ್ಕೆ 0.9505. ನಡುವಿನ 1.645 ಹಿಡಿಯಿರಿ. ಅದನ್ನು 8ರಿಂದ ಗುಣಿಸಿ 75ಕ್ಕೆ ಕೂಡಿಸಿದರೆ 88 ನಿಮಿಷ ಚಿಲ್ಲರೆ. ಒಂಬತ್ತೂವರೆಗೆ ಕ್ಲಾಸ್ ಇದ್ದರೆ ಎಂಟು ಗಂಟೆಗೆ ಬಸ್ ಹೊರಟಿರಬೇಕು.