ಕಲ್ಲಾದ ಪುಡಿ ಬೆಲ್ಲ ಮತ್ತು ಪ್ರಯೋಗಾಲಯದ ನೆರವು: ನನ್ನ ಅನುಭವ

ಮಂಡ್ಯ ತಾಲ್ಲೂಕಿನ ನಮ್ಮ ಆಲೆಮನೆಯಲ್ಲಿ ತಂದೆಯವರ ಕಾಲದಿಂದಲೂ ಅಚ್ಚು ಬೆಲ್ಲವನ್ನೇ ಮಾಡುತ್ತಿದ್ದೆವು. ಬೆಲ್ಲಕ್ಕೆ ತಿಳಿ ಬಣ್ಣ ಬರಿಸುವ ಹೈಡ್ರೋಸ್ ಎಂಬ ರಾಸಾಯನಿಕ ಬಳಸುವುದನ್ನು ಬಿಟ್ಟು ಪುಡಿ ಬೆಲ್ಲಕ್ಕೆ ಕೈಹಾಕಿದ ಮೊದಲ ವರ್ಷ, ಬೇಸಿಗೆಯಲ್ಲಿ ಮರಳಿನಂತೆ ಉದುರುತ್ತಿದ್ದ ಪುಡಿಯು ಆಷಾಢದ ಗಾಳಿ ಬೀಸುವ ಹೊತ್ತಿಗೆ ಚೀಲದಲ್ಲೇ ಹೆಪ್ಪುಗಟ್ಟಿ ಕಲ್ಲಾಯಿತು. ಅಂಗಡಿಯವರು ಹಿಂದಿರುಗಿಸಿದ ಚೀಲಗಳನ್ನು ಕಂಡು ಮನೆಯವರೆಲ್ಲ ಮೌನವಾದರು.

ಆಗ ನನ್ನ ಮನಸ್ಸೆಲ್ಲ ಒಣಗಿಸುವ ಯಂತ್ರದ ಮೇಲಿತ್ತು. ಕಿರು ಆಹಾರ ಸಂಸ್ಕರಣಾ ಘಟಕಗಳಿಗಾಗಿ ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿದ ಪಿಎಂಎಫ್‌ಎಂಇ ಯೋಜನೆಯಲ್ಲಿ 'ಒಂದು ಜಿಲ್ಲೆ ಒಂದು ಉತ್ಪನ್ನ'ವಾಗಿ ಮಂಡ್ಯಕ್ಕೆ ಬೆಲ್ಲವೇ ನಿಗದಿಯಾಗಿದೆ. ಕೇಂದ್ರದ ಶೇ. 35 ಸಹಾಯಧನಕ್ಕೆ ರಾಜ್ಯವು ಶೇ. 15 ಸೇರಿಸುವುದರಿಂದ ಯೋಜನಾ ವೆಚ್ಚದ ಅರ್ಧದಷ್ಟು, ಗರಿಷ್ಠ 15 ಲಕ್ಷ ರೂಪಾಯಿಯವರೆಗೆ ದೊರೆಯುತ್ತದೆ. ನಮ್ಮ ಪಾಲು ಕನಿಷ್ಠ ಶೇ. 10 ಇರಬೇಕು, ಉಳಿದದ್ದು ಬ್ಯಾಂಕ್ ಸಾಲ. ನನ್ನ ಮೊದಲ ಅರ್ಜಿಯನ್ನು ಒಂದು ಬ್ಯಾಂಕು ಕಾರಣ ಹೇಳದೆ ಹಿಂದಿರುಗಿಸಿತು. ಎರಡನೆಯ ಬಾರಿ ಯೋಜನಾ ವರದಿ ಸಿದ್ಧಪಡಿಸಲು ಕುಳಿತ, ಅರ್ಜಿದಾರರಿಗೆ ನೆರವಾಗುವ ಜಿಲ್ಲಾ ಸಂಪನ್ಮೂಲ ವ್ಯಕ್ತಿ, "ಸರ್, ಯಂತ್ರ ತಂದರೆ ಪುಡಿ ಗಟ್ಟಿಯಾಗುವುದು ನಿಲ್ಲುತ್ತದೆಂದು ನಿಮಗೆ ಹೇಗೆ ಗೊತ್ತು?" ಎಂದು ಕೇಳಿದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆಯನ್ನು ಹೊತ್ತುಕೊಂಡೇ ಮೊದಲು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂಗೆ, ಅನಂತರ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐಗೆ ಹೋದೆ. 1950ರಿಂದ ಆಹಾರ ಸಂಶೋಧನೆ ನಡೆಯುತ್ತಿರುವ ಚೆಲುವಾಂಬ ಅರಮನೆಯ ಆವರಣಕ್ಕೆ ಕಾಲಿಡುವಾಗ ನನ್ನ ಕೈಯಲ್ಲಿದ್ದ ಪತ್ರದಲ್ಲಿ 'ಬೆಲ್ಲದ ಗುಣಮಟ್ಟ ಸುಧಾರಿಸಿಕೊಡಿ' ಎಂದಷ್ಟೇ ಬರೆದಿತ್ತು. ಅಷ್ಟರಿಂದ ಯಾವ ವಿಜ್ಞಾನಿಗೂ ಏನೂ ತಿಳಿಯುವುದಿಲ್ಲವೆಂದು ಮಾತಿನ ನಡುವೆ ನನಗೇ ಅರಿವಾಯಿತು. ಊರಿಗೆ ಬಂದು ಪ್ರತಿ ಕೊಪ್ಪರಿಗೆಗೂ ಒಂದು ಪುಟ ಮೀಸಲಿಟ್ಟೆ: ಕಬ್ಬು ಕಡಿದ ಹೊತ್ತು, ಅರೆದ ಹೊತ್ತು, ಕಬ್ಬಿನ ಹಾಲಿನ (ರಸದ) ಪಿಎಚ್ ಅಂದರೆ ಹುಳಿಯ ಅಳತೆ, ಹಾಕಿದ ಸುಣ್ಣದ ತಿಳಿ, ಇಳಿಸಿದಾಗಿನ ಶಾಖ. ನಮ್ಮಲ್ಲಿ ಪಾಕ ನೋಡುವ ಹಿರಿಯರು ತಣ್ಣೀರಿಗೆ ಒಂದು ತೊಟ್ಟು ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ "ಬಂತು ಕಣಪ್ಪ, ಇಳಿಸು" ಎನ್ನುವಾಗ ನಾನು ಥರ್ಮಾಮೀಟರ್ ನೋಡುತ್ತಿದ್ದೆ. ಅದು ಸಾಮಾನ್ಯವಾಗಿ 120 ಡಿಗ್ರಿ ಸೆಲ್ಸಿಯಸ್‌ ಆಸುಪಾಸಿನಲ್ಲೇ ಇರುತ್ತಿತ್ತು. ದೋಷ ಅವರ ಕೈಯಲ್ಲಿರಲಿಲ್ಲ.

ಪ್ರಯೋಗಾಲಯಕ್ಕೆ ಕೊಟ್ಟ ಬೆಲ್ಲದ ಮಾದರಿಗಳ ವರದಿಯನ್ನು ಆ ಪುಟಗಳ ಪಕ್ಕದಲ್ಲಿಟ್ಟಾಗ ಕಾರಣ ಕಾಣಿಸಿತು. ಕಡಿದ ಕಬ್ಬು ಎರಡು ಮೂರು ದಿನ ಬಿಸಿಲಲ್ಲಿ ಬಿದ್ದಿದ್ದರೆ ಅದರಲ್ಲಿನ ಸುಕ್ರೋಸ್ (ಕಬ್ಬಿನ ಸಕ್ಕರೆ) ಒಡೆದು ಗ್ಲೂಕೋಸ್, ಫ್ರಕ್ಟೋಸ್ ಎಂಬ ಸರಳ ಸಕ್ಕರೆಗಳಾಗುತ್ತದೆ. ಇವು, ವಿಶೇಷವಾಗಿ ಫ್ರಕ್ಟೋಸ್, ಗಾಳಿಯ ತೇವವನ್ನು ಬೇಗ ಹೀರುವುದರಿಂದ ಎಷ್ಟು ಒಣಗಿಸಿದರೂ ಮಳೆಗಾಲದಲ್ಲಿ ಪುಡಿ ಮತ್ತೆ ಅಂಟುತ್ತದೆ. ಹಾಲು ಹುಳಿಯಾದಷ್ಟೂ ಕಾಯಿಸುವಾಗ ಈ ಒಡೆತ ಹೆಚ್ಚುತ್ತದೆ, ಸುಣ್ಣ ಅದನ್ನು ತಡೆಯುತ್ತದೆ. ಸುಣ್ಣ ಮಿತಿಮೀರಿದರೆ ಬೆಲ್ಲ ಕಪ್ಪಾಗುತ್ತದೆ. ನಮ್ಮ ಕೆಟ್ಟ ಚೀಲಗಳೆಲ್ಲ ಟ್ರ್ಯಾಕ್ಟರ್ ತಡವಾಗಿ ಬಂದ ದಿನಗಳವು.

ಯಂತ್ರ ಬೇಕೇ ಬೇಕಿತ್ತು, ಆದರೆ ನಾನು ಮೊದಲು ಎಣಿಸಿದ್ದಕ್ಕಿಂತ ಚಿಕ್ಕದು ಸಾಕಾಯಿತು. ವರದಿಯನ್ನು ಲಗತ್ತಿಸಿದ ಅರ್ಜಿಯನ್ನು ಇನ್ನೊಂದು ಬ್ಯಾಂಕು ಒಪ್ಪಿಕೊಂಡಿತು. ಸಹಾಯಧನ ಕೂಡಲೇ ಕೈಗೆ ಸಿಗುವುದಿಲ್ಲವೆಂಬುದನ್ನು ಹೊಸಬರು ತಿಳಿದಿರಬೇಕು: ಅದು ಬ್ಯಾಂಕಿನಲ್ಲೇ ಇದ್ದು, ಕಂತು ಸರಿಯಾಗಿ ಕಟ್ಟಿದರೆ ಮೂರು ವರ್ಷಗಳ ಬಳಿಕ ಸಾಲಕ್ಕೆ ಹೊಂದಾಣಿಕೆಯಾಗುತ್ತದೆ.

ನನಗೆ ತೀರಾ ಅನ್ನಿಸುವುದೊಂದಿದೆ. ಯಂತ್ರಕ್ಕೆ ಸಿಗುವಂಥ ನೆರವು, ಯಾವ ಯಂತ್ರ ಬೇಕೆಂದು ತಿಳಿಸುವ ಪರೀಕ್ಷೆಗೂ ಸಿಗಬೇಕು, ಅದೂ ಯಂತ್ರ ಕೊಳ್ಳುವ ಮೊದಲೇ. ಪರೀಕ್ಷಾ ಶುಲ್ಕವನ್ನು ನಾನು ಕೈಯಿಂದಲೇ ಕಟ್ಟಿದೆ. ಎರಡು ಎಕರೆ ಕಬ್ಬಿನವನು ಆ ಹಣಕ್ಕೆ ಹಿಂಜರಿದರೆ ತಪ್ಪೇನು? ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳನ್ನು ನೋಡಿಕೊಳ್ಳುವ ಎಂಎಸ್‌ಎಂಇ ಸಚಿವಾಲಯದ ಇನ್‌ಕ್ಯುಬೇಷನ್ ಯೋಜನೆಯಲ್ಲಿ ಆತಿಥೇಯ ಸಂಸ್ಥೆಯ ಮೂಲಕ ಒಂದು ಹೊಸ ಆಲೋಚನೆಯನ್ನು ಬೆಳೆಸಲು 15 ಲಕ್ಷದವರೆಗೆ ಅವಕಾಶವಿದೆ, ಆದರೆ ನಮ್ಮ ಸುತ್ತಿನ ಆಲೆಮನೆಗಳಲ್ಲಿ ಅದರ ಹೆಸರು ಕೇಳಿದವರೇ ವಿರಳ.

ಈಗ ನಮ್ಮಲ್ಲಿ ಗದ್ದೆಯಿಂದ ಬರುವ ಪ್ರತಿ ಲೋಡಿಗೂ ಕಡಿದ ಹೊತ್ತನ್ನು ಬರೆದ ಚೀಟಿ ಕಟ್ಟಿರುತ್ತದೆ. ಚೀಟಿಯಲ್ಲಿ 24 ಗಂಟೆ ಮೀರಿದ್ದರೆ ಆ ಕಬ್ಬು ಪುಡಿಗೆ ಹೋಗುವುದಿಲ್ಲ, ಅಚ್ಚಿಗೆ ಹೋಗುತ್ತದೆ.