ಕುಂಚ ಜಾರುವ ಕೈಗೆ ಬಣ್ಣ ಕೊಡುವುದು

ನನ್ನ ಮಗನಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿಗಾದ ತೊಂದರೆಯಿಂದ ಮೈಕೈ ಚಲನೆ ಹಿಡಿತಕ್ಕೆ ಸಿಗದ ಸ್ಥಿತಿ. ಬೆರಳು ಬಿಗಿ, ತೆಳು ಕುಂಚ ನಿಲ್ಲುವುದಿಲ್ಲ. ಹಳೇ ಸೈಕಲ್ ಟ್ಯೂಬಿನ ಪಟ್ಟಿಯನ್ನು ಕುಂಚದ ಹಿಡಿಗೆ ಸುತ್ತಿ, ಲಟ್ಟಣಿಗೆಯ ಹಿಡಿಯಷ್ಟು ದಪ್ಪ ಮಾಡಿ. ಹಾಳೆಯ ನಾಲ್ಕೂ ಮೂಲೆಗೆ ಟೇಪ್ ಅಂಟಿಸಿ, ಇಲ್ಲದಿದ್ದರೆ ಕೈಯ ಜೊತೆ ಹಾಳೆಯೂ ಓಡುತ್ತದೆ. ಪಾದ ನೆಲಕ್ಕೋ ಮಣೆಗೋ ಊರುವಂತೆ ಕೂರಿಸಿ.

ಬೆರಳಲ್ಲೇ ಬಳಿಯುವುದಾದರೆ ಅರ್ಧ ಲೋಟ ಕಾರ್ನ್‌ಫ್ಲೋರನ್ನು 2 ಲೋಟ ನೀರಲ್ಲಿ ಕದಡಿ, ಗಂಜಿಯ ಹದಕ್ಕೆ ಕಾಯಿಸಿ, ಪೂರ್ತಿ ಆರಿಸಿ. ಅರಿಶಿನವನ್ನೋ ಬೀಟ್‌ರೂಟ್ ರಸವನ್ನೋ ಬೆರೆಸಿ. ಬಾಯಿಗೆ ಹೋದರೆ ಗಾಬರಿ ಬೇಡ (ಹೋಗೇ ಹೋಗುತ್ತದೆ). ಎರಡೇ ಬಣ್ಣ ಇಡಿ. ಯಾವುದು ಬೇಕೆಂದು ಮಗು ಕಣ್ಣಲ್ಲಾದರೂ ತೋರಿಸಲಿ.

ಕೈ ಹಿಡಿದು ಬರೆಸಬೇಡಿ. ನಾನು ಹಾಗೆ ಬರೆಸಿದ ಚಂದದ ಮನೆಯನ್ನು ಅವನು ತಿರುಗಿಯೂ ನೋಡಲಿಲ್ಲ. ತಾನೇ ಎಳೆದ ಹಳದಿ ಗೀಟು ತೋರಿಸಿ, ‘ಬಸ್ಸು’ ಅಂದ.